ತಪ್ಪು ಪೆಟ್ಟಿಗೆಗೆ ಬಿದ್ದ ಚೀಟಿ

"ಇದು ತಪ್ಪು ಪೆಟ್ಟಿಗೆಗೆ ಬಿದ್ದಿದೆ ಕಣಮ್ಮಾ," ಎಂದು ಪೋಸ್ಟ್‌ಮಾಸ್ಟರ್ ಮಾವ ಒಂದು ಚೀಟಿಯನ್ನು ಎರಡು ಬೆರಳಲ್ಲಿ ಹಿಡಿದು ತೋರಿಸಿದರು.

ಶನಿವಾರ ಸಂಜೆ. ಚರ್ಚಿನ ಬಾಗಿಲ ಪಕ್ಕದಲ್ಲಿ ಎರಡು ಮರದ ಪೆಟ್ಟಿಗೆಗಳಿವೆ. ಒಂದರ ಮೇಲೆ 'ಬೇಡಿಕೆ' ಎಂದು ಕೆತ್ತಿದೆ, ಇನ್ನೊಂದರ ಮೇಲೆ 'ಸ್ತೋತ್ರ' ಎಂದು. ದೇವರಿಂದ ಏನಾದರೂ ಆಗಬೇಕಾದವರು ಮೊದಲನೆಯದಕ್ಕೆ ಚೀಟಿ ಹಾಕುತ್ತಾರೆ, ಆಗಿದ್ದಕ್ಕೆ ಕೃತಜ್ಞತೆ ಹೇಳುವವರು ಎರಡನೆಯದಕ್ಕೆ. ಎರಡನೆಯದು ಹೆಚ್ಚಾಗಿ ಖಾಲಿ. ಪೆಟ್ಟಿಗೆ ತೆರೆದು, ಚೀಟಿಗಳನ್ನು ವಿಂಗಡಿಸಿ, ಭಾನುವಾರದ ಆರಾಧನೆಯಲ್ಲಿ ಓದುವ ಕೆಲಸ, ಸಭೆಯವರೆಲ್ಲ ಮಾವ ಎಂದೇ ಕರೆಯುವ ಇವರದು. ಅಂಚೆ ಕಚೇರಿಯಿಂದ ನಿವೃತ್ತರಾಗಿ ಒಂಬತ್ತು ವರ್ಷವಾದರೂ, ತಪ್ಪು ವಿಳಾಸ ಕಂಡರೆ ಅವರಿಗೆ ಈಗಲೂ ಊಟ ಸೇರುವುದಿಲ್ಲ.

ಬೆಂಚು ಒರೆಸುತ್ತಿದ್ದ ವೆಲ್ಡರನ ಹೆಂಡತಿ ಒದ್ದೆ ಬಟ್ಟೆ ಹಿಡಿದುಕೊಂಡೇ ಮೇಜಿನ ಹತ್ತಿರ ಬಂದಳು. ಈ ವಾರದ ಸರದಿ ಅವಳದು. ಗಂಡನನ್ನು ಮನೆಯಲ್ಲಿ ಒಬ್ಬನೇ ಬಿಡುವಂತಿಲ್ಲವೆಂದು ಅವನನ್ನೂ ಕರೆತಂದು ಹಿಂದಿನ ಬೆಂಚಿನಲ್ಲಿ ಕೂರಿಸಿದ್ದಳು. ಹತ್ತೊಂಬತ್ತು ದಿನಗಳ ಹಿಂದೆ ವರ್ಕ್‌ಶಾಪಿನಲ್ಲಿ ಗ್ಯಾಸ್ ಪೈಪು ಸಿಡಿದು ಅವನ ಎರಡು ಕಣ್ಣೂ ಸುಟ್ಟಿದ್ದವು. ಸೋಮವಾರ ಕಟ್ಟು ಬಿಚ್ಚುತ್ತಾರೆ. ಕಾಣುತ್ತದೋ ಇಲ್ಲವೋ, ಬಿಚ್ಚಿದ ಮೇಲೇ ಗೊತ್ತಾಗುವುದು ಎಂದು ಡಾಕ್ಟರು ಹೇಳಿಬಿಟ್ಟಿದ್ದರು.

ಚೀಟಿಯಲ್ಲಿ ಅಕ್ಷರಗಳು ಒಂದರ ಮೇಲೊಂದು ಹತ್ತಿ ಕುಳಿತಿದ್ದವು. 'ನನ್ನ ಎರಡು ಕಣ್ಣುಗಳಿಗಾ' ಎಂಬಲ್ಲಿಗೆ ಕಾಗದ ಮುಗಿದಿತ್ತು, ಉಳಿದ ಅಕ್ಷರವನ್ನು ಪೆನ್ನು ಆಚೆಗೆಲ್ಲೋ ಬರೆದಿತ್ತು.

"ಗಾಬರೀಲಿ ಹಾಕಿದ್ದೀಯ, ಪಾಪ," ಎಂದರು ಮಾವ. "ಇನ್ನೂ ಕಟ್ಟೇ ಬಿಚ್ಚಿಲ್ಲ, ಆಗ್ಲೇ ಸ್ತೋತ್ರ ಹೇಗಾಗುತ್ತೆ? ಬೇಡಿಕೆ ಜೊತೆ ಸೇರಿಸ್ತೀನಿ ಬಿಡು."

"ಅದನ್ನ ಹಾಕಿದ್ದು ನಾನಲ್ಲ ಮಾವ, ಇವರೇ ಬರೆದು ಹಾಕಿದ್ದು. ಬೇಡಿಕೆದು ನಾನು ಬೇರೆ ಹಾಕಿದ್ದೀನಿ. ಪ್ರತಿ ವಾರ ಹಾಕ್ತಾನೇ ಇದ್ದೀನಿ, ನೀವೇ ಓದ್ತಿದ್ದೀರಲ್ಲ."

"ಹಾಗಾದ್ರೆ ಕಣ್ಣು ಕಾಣದೆ ತಪ್ಪಿ ಹಾಕಿದ್ದಾನೆ."

"ನಾನೇ ಕೈ ಹಿಡಿದು ಬೇಡಿಕೆ ಪೆಟ್ಟಿಗೆ ಮೇಲಿಟ್ಟೆ. ಬೆರಳಲ್ಲಿ ಅಕ್ಷರ ತಡವಿ ನೋಡಿದ್ರು. ಇದಲ್ಲ ಅಂತ ಪಕ್ಕಕ್ಕೆ ಸರಿದು, ಅದಕ್ಕೆ ಹಾಕಿದ್ರು."

ಮಾವ ಕೆಟ್ಟವರಲ್ಲ. ಆದರೆ ಪೆಟ್ಟಿಗೆ ತಪ್ಪೆಂದು ಒಮ್ಮೆ ತೀರ್ಮಾನಿಸಿದರೆ ಜಪ್ಪಯ್ಯ ಎಂದರೂ ಬಿಡುವವರಲ್ಲ. ಚೀಟಿಯನ್ನು ಬೇಡಿಕೆಗಳ ಕಟ್ಟಿನೊಳಗೆ ತೂರಿಸಿದರು. ಅವಳು ಒದ್ದೆ ಕೈಯಲ್ಲೇ ಅದನ್ನು ಹೊರಗೆಳೆದು ಮೇಜಿನ ಆ ತುದಿಯಲ್ಲಿಟ್ಟು ಅಂಗೈ ಒತ್ತಿ ಹಿಡಿದಳು. ಸ್ತೋತ್ರದ ಕಡೆ ಅದೊಂದೇ ಚೀಟಿ ಇತ್ತು.

"ನೋಡಮ್ಮಾ," ಮಾವ ದನಿ ತಗ್ಗಿಸಿದರು. "ನಾಳೆ ಸಭೆ ಮುಂದೆ ಸ್ತೋತ್ರ ಅಂತ ಓದ್ತೀನಿ, ಎಲ್ಲರೂ ಆಮೆನ್ ಅಂತಾರೆ. ಸೋಮವಾರ ಬೇರೆ ಏನಾದ್ರೂ ಆದ್ರೆ ಜನ ಏನಂತಾರೆ? ದೇವರ ಮರ್ಯಾದೆ ಏನಾಗಬೇಕು?"

"ದೇವರ ಮರ್ಯಾದೆ ಕಾಯೋಕೆ ನಿಮ್ಮನ್ನ ನೇಮಿಸಿದ್ದು ಯಾರು ಮಾವ? ಸ್ವಂತ ಮಗ ಎಲ್ಲರ ಎದುರು ಶಿಲುಬೆ ಮೇಲೆ ನೇತಾಡ್ತಿದ್ದಾಗ್ಲೇ ಜನ ಏನಂತಾರೆ ಅಂತ ನೋಡ್ಲಿಲ್ಲ ಆ ದೇವರು. ಈ ಸೋಮವಾರ ನೋಡ್ತಾರಾ?"

ಅವಳಿಗೆ ಭಯವಿತ್ತು. ನೀರಿನ ಲೋಟಕ್ಕಾಗಿ ಅವನ ಕೈ ತಡಕಾಡುವುದನ್ನು ಕಂಡಾಗಲೆಲ್ಲ ಸೋಮವಾರ ನೆನಪಾಗುತ್ತಿತ್ತು. ವರ್ಕ್‌ಶಾಪಿನಲ್ಲಿ ಅವನ ಜಾಗಕ್ಕೆ ಆಗಲೇ ಬೇರೊಬ್ಬ ಬಂದಿದ್ದ. ನಿಜ ಹೇಳಬೇಕೆಂದರೆ, ಅವನು ಆ ಚೀಟಿ ಬರೆಯುವಾಗ ಅವಳಿಗೂ ಸಿಟ್ಟು ಬಂದಿತ್ತು. ಆದರೂ ಅಷ್ಟು ಕಷ್ಟಪಟ್ಟು ಬರೆದದ್ದನ್ನು ಇನ್ನೊಬ್ಬರು ಎತ್ತಿ ಆಚೆಗಿಡುವುದನ್ನು ಅವಳಿಂದ ಸಹಿಸಲಾಗಲಿಲ್ಲ.

ಹಿಂದಿನ ಬೆಂಚಿನಲ್ಲಿ ಗಂಟಲು ಸರಿಮಾಡಿಕೊಂಡ ಸದ್ದಾಯಿತು. ವೆಲ್ಡರ್ ಎದ್ದು, ಬೆಂಚುಗಳನ್ನು ಒಂದೊಂದಾಗಿ ಮುಟ್ಟುತ್ತ ಮೇಜಿನವರೆಗೆ ಬಂದ.

"ಮಾವ, ಕಣ್ಣು ವಾಪಸ್ ಬಂತು ಅಂತ ನಾನೆಲ್ಲಿ ಬರೆದಿದ್ದೀನಿ? ನಲವತ್ತೊಂದು ವರ್ಷ ಇತ್ತಲ್ಲ. ಬೆಂಕಿ ನೋಡಿದ್ದೀನಿ, ಇವಳ ಮುಖ ನೋಡಿದ್ದೀನಿ. ಅದಕ್ಕೆ ಒಂದು ದಿನಾನೂ ಆ ಪೆಟ್ಟಿಗೆಗೆ ಚೀಟಿ ಹಾಕಿರ್ಲಿಲ್ಲ. ಬೇಡೋದನ್ನ ಇವಳು ನೋಡ್ಕೋತಾಳೆ, ದೇವರ ಹತ್ರ ಜಗಳ ಆಡಿ ಆಡಿ ಬೇಡ್ತಿದ್ದಾಳೆ. ನಂಗೂ ಹೆದರಿಕೆ ಇದೆ. ಆದ್ರೆ ಸೋಮವಾರಕ್ಕೆ ಹೆದರ್ಕೊಂಡು ಶನಿವಾರ ಬಾಯಿ ಮುಚ್ಕೊಂಡು ಕೂರೋನಲ್ಲ ನಾನು."

"ಸೋಮವಾರ ಕತ್ತಲೇ ಇದ್ರೆ?" ಕೇಳಬಾರದು ಎಂದುಕೊಂಡೇ ಮಾವ ಕೇಳಿಬಿಟ್ಟರು.

ವೆಲ್ಡರ್ ಮೇಜು ತಡವಿದ. ಹೆಂಡತಿಯ ಒದ್ದೆ ಕೈ ಸಿಕ್ಕಿತು, ಅದರ ಕೆಳಗೆ ಚೀಟಿ.

"ಇದೇ ಚೀಟಿ ಇನ್ನೊಂದು ಸಲ ಬರೆದು ಇದೇ ಪೆಟ್ಟಿಗೆಗೆ ಹಾಕ್ತೀನಿ," ಎಂದ. "ಕತ್ತಲಲ್ಲಿ ಬರೆಯೋದು ಈಗ ರೂಢಿಯಾಗಿದೆ."