ಕೈ ಎತ್ತಿದವರು

“ಒಪ್ಪಿಗೆ ಇರುವವರು ಕೈ ಎತ್ತಿ” ಎಂದುಬಿಟ್ಟು ಡಾಕ್ಟರು ನಾಲಿಗೆ ಕಚ್ಚಿಕೊಂಡರು. ಮೇಜಿನ ಸುತ್ತ ಕುಳಿತಿದ್ದ ಏಳು ಮಂದಿ ರೋಗಿಗಳಿಗೂ ಇದ್ದದ್ದು ಒಂದೊಂದೇ ಕೈ.

“ಎತ್ತೋಣ ಸಾರ್, ಅದಕ್ಕೇನಂತೆ” ಎಂದ ಮರದ ಮಿಲ್ಲಿನ ಮೇಸ್ತ್ರಿ. “ಯಾವುದು ಅಂತ ಹೇಳ್ಬಿಡಿ. ಇರೋದನ್ನೋ, ಹೋಗಿರೋದನ್ನೋ?”

ಎಲ್ಲರೂ ನಕ್ಕರು. ಆ ಕೋಣೆಯಲ್ಲಿ ನಗೆಗೆ ಬರವಿರಲಿಲ್ಲ. ಸರ್ಕಾರ ಎಲ್ಲರಿಗೂ ಕೈಕೊಡುತ್ತದೆ, ನಮಗೆ ಮಾತ್ರ ಪ್ಲಾಸ್ಟಿಕ್ಕಿನದು ಕೊಟ್ಟಿದೆ ಎಂಬ ಹಳೇ ಜೋಕು ಪ್ರತಿ ಸಭೆಯಲ್ಲೂ ಒಮ್ಮೆ ಬರಲೇಬೇಕು. ಲೈಬ್ರರಿ ಮೇಡಂ ಮಾತ್ರ ಇವತ್ತು ನಗಲಿಲ್ಲ. ಮಡಚಿ ಪಿನ್ನು ಹಾಕಿದ ಅವಳ ರವಿಕೆಯ ಬಲತೋಳಿನ ಆಚೆ, ಇಲ್ಲದ ಅಂಗೈಯೊಳಗೆ, ಸಣ್ಣ ಬೆರಳುಗಳು ಬಿಗಿಯಾದವು.

ಅದು ಜನರ ತೆರಿಗೆ ಹಣದಲ್ಲಿ ನಡೆಯುವ ಸಂಶೋಧನೆ. ರೋಗಿಗಳನ್ನು ಕೇಳದೆ ಒಂದು ಹೆಜ್ಜೆ ಮುಂದಿಡುವಂತಿಲ್ಲ ಎಂಬುದು ಕಟ್ಟುನಿಟ್ಟಿನ ನಿಯಮ. ಕೈ ಹೋದ ಮೇಲೂ ಹೋದ ಕೈ ಉರಿಯುತ್ತದಲ್ಲ, ಆ ಉರಿಗೆ ಮದ್ದು ಹುಡುಕುವುದು ಕೆಲಸ. ಯಾವುದನ್ನು ಗೆಲುವು ಅನ್ನಬೇಕೆಂದು ಇವತ್ತು ರೋಗಿಗಳೇ ತೀರ್ಮಾನಿಸಬೇಕಿತ್ತು. ಡಾಕ್ಟರು ಮುಂದಿಟ್ಟ ವಾಕ್ಯ ಚಿಕ್ಕದು: ಇಲ್ಲದ ಕೈ ಇದೆ ಅನ್ನಿಸುವುದೇ ಪೂರ್ತಿ ನಿಂತುಹೋದರೆ ಅದು ಗೆಲುವು. ಒಬ್ಬರು ಬೇಡವೆಂದರೆ ಹಾಗೆಂದು ಬರೆದಿಟ್ಟುಕೊಂಡು ಮುಂದಕ್ಕೆ ಹೋಗುತ್ತಾರೆ. ಇಬ್ಬರು ಬೇಡವೆಂದರೆ ವಾಕ್ಯವನ್ನೇ ಬದಲಿಸಬೇಕು.

ಮೇಸ್ತ್ರಿಗೆ ತನ್ನ ಇಲ್ಲದ ಕೈ ಸಾಕಾಗಿಹೋಗಿತ್ತು. ಗರಗಸ ತಿಂದ ಕೈ ಮುಷ್ಟಿ ಕಟ್ಟಿಕೊಂಡೇ ಕೂತಿದೆ, ಉಗುರು ಅಂಗೈಗೆ ಚುಚ್ಚುತ್ತದೆ, ಬಿಡಿಸೋಣವೆಂದರೆ ಬೆರಳಿಲ್ಲ ಎಂದು ಅವನು ಹೇಳಿದ ದಿನ ಯಾರೂ ನಕ್ಕಿರಲಿಲ್ಲ. ಲೈಬ್ರರಿ ಮೇಡಂಗೂ ಉರಿಯೇನು ಕಡಿಮೆ ಇರಲಿಲ್ಲ. ಆದರೆ ತನ್ನ ಕೈಯನ್ನು ಯಾರೋ ಹಿಡಿದುಕೊಂಡಿರುತ್ತಾರೆ ಎಂದು ಮೊದಲ ಸಭೆಯಲ್ಲೇ ಅವಳು ಹೇಳಿದ್ದಳು. ಟಿಪ್ಪಣಿ ಮಾಡಿಕೊಳ್ಳುತ್ತಿದ್ದ ಸಂಶೋಧಕಿ ಹುಡುಗಿ ಅದನ್ನು ‘ಒತ್ತಡದ ಅನುಭವ’ ಎಂದು ಬರೆದುಕೊಂಡಿದ್ದಳು.

ಯಾರೋ ಅಲ್ಲ, ಅಕ್ಕನ ಮಗಳು. ಲಾಂಚಿನಿಂದ ದಡಕ್ಕೆ ಇಳಿಯುವಾಗ ಮಗುವಿನ ಕಾಲು ಜಾರಿತ್ತು. ಚಿಕ್ಕಮ್ಮ ಕೈ ಬಿಡಲಿಲ್ಲ. ಅಲೆಗೆ ಓಲಾಡಿದ ಲಾಂಚು ಕಲ್ಲುಕಟ್ಟೆಗೆ ಬಂದು ಬಡಿಯಿತು. ನಡುವೆ ಸಿಕ್ಕ ಕೈಯೂ ಅದು ಹಿಡಿದಿದ್ದ ಮಗುವೂ ಒಟ್ಟಿಗೇ ನೀರಿಗಿಳಿದವು. ಆಸ್ಪತ್ರೆಯ ಮಂಚದ ಬಳಿ ನಿಂತು ಅಕ್ಕ ಆಡಿದ್ದು ಒಂದೇ ಮಾತು. “ನಿನ್ನ ಕೈಗೆ ಕೊಟ್ಟಿದ್ದೆನಲ್ಲೇ.” ಆಮೇಲೆ ಅಕ್ಕ ಇವಳನ್ನು ಮಾತಾಡಿಸಿಲ್ಲ. ಆ ಮಗುವಿನ ಓರಗೆಯವರು ಈಗ ಕಾಲೇಜಿಗೆ ಹೋಗುತ್ತಾರೆ. ಬೆರಳುಗಳು ಮಾತ್ರ ಬೆಳೆದಿಲ್ಲ. ಸದಾ ಒದ್ದೆ. ರಸ್ತೆ ದಾಟುವಾಗ ಬಿಗಿಯಾಗುತ್ತವೆ, ದಾಟಿದ ಮೇಲೆ ಸಡಿಲವಾಗುತ್ತವೆ, ಎಲ್ಲ ಮಕ್ಕಳ ಬೆರಳುಗಳ ಹಾಗೆ.

ಹೋದ ತಿಂಗಳು ಅವಳನ್ನು ಕನ್ನಡಿಯ ಪೆಟ್ಟಿಗೆಯ ಮುಂದೆ ಕೂರಿಸಿದ್ದರು. ಎಡಗೈಯ ಬಿಂಬ ಬಲಗೈಯ ಜಾಗದಲ್ಲಿ ಕಾಣುತ್ತದೆ. ಅದನ್ನು ನೋಡುತ್ತ ನೋಡುತ್ತ ಮಿದುಳು ಸಮಾಧಾನಗೊಂಡು ಹೋದ ಕೈಯನ್ನು ಮರೆಯುತ್ತದಂತೆ. ಕನ್ನಡಿಯಲ್ಲಿ ಖಾಲಿ ಅಂಗೈ ಕಂಡಿತು. ಉರಿ ನಿಜವಾಗಿಯೂ ತಣ್ಣಗಾಗತೊಡಗಿತು. ತಣ್ಣಗಾದ ಹಾಗೆಲ್ಲ ಸಣ್ಣ ಬೆರಳುಗಳು ಒಂದೊಂದಾಗಿ ಜಾರಿದವು. ಕೊನೆಯದು ಹಿಡಿತಕ್ಕಾಗಿ ಅವಳ ಅಂಗೈಯನ್ನು ಗೀರಿತು. ಅವಳು ಎದ್ದ ರಭಸಕ್ಕೆ ಪೆಟ್ಟಿಗೆ ಉರುಳಿಬಿತ್ತು. ಸಂಶೋಧಕಿ ಹುಡುಗಿ ಓಡಿಹೋಗಿ ಒಂದು ಲೋಟ ನೀರು ತಂದಾಗ, ನೀರು ಬೇಡ ಎಂದು ಅವಳು ಹಿಂದಕ್ಕೆ ಸರಿದಿದ್ದಳು.

ಇರುವ ಕೈಯನ್ನೇ ಎತ್ತಿ ಎಂದು ಡಾಕ್ಟರು ನಗುತ್ತ ತಿದ್ದಿಕೊಂಡರು. ಆರು ಕೈಗಳು ಮೇಲೆದ್ದವು. ಹುಡುಗಿ ಎಣಿಸಿ ಬರೆದುಕೊಂಡಳು. ಮೇಸ್ತ್ರಿ ಎತ್ತಿದ ಕೈ ಇಳಿಸದೆಯೇ ಪಕ್ಕಕ್ಕೆ ಬಾಗಿದ.

“ಯಾಕೆ ಮೇಡಂ, ಉರಿ ಮೇಲೆ ಪ್ರೀತಿ ಬಂದ್ಬಿಡ್ತಾ?”

“ಉರಿ ಹೋಗ್ಲಿ ಮೇಸ್ತ್ರಿ. ಕೈ ಇರ್ಲಿ.”

“ಇಲ್ಲದ ಕೈ ಇಟ್ಕೊಂಡು ಏನ್ಮಾಡ್ತೀರಿ?”

“ಏನೂ ಮಾಡಲ್ಲ. ಬಿಡಬಾರ್ದು, ಅಷ್ಟೇ.”

ಬೇಡ ಅನ್ನುವವರು ಯಾರು ಎಂದು ಡಾಕ್ಟರು ಕೇಳಿದರು. ಅವಳ ಎಡಗೈ ಮಡಿಲಲ್ಲೇ ಉಳಿಯಿತು. ಎತ್ತಿದ್ದು ಬಲಗೈಯನ್ನು. ಪಿನ್ನು ಹಾಕಿದ ತೋಳು ನಿಧಾನವಾಗಿ ಭುಜದ ಮಟ್ಟಕ್ಕೆ ಬಂತು. ಅದರ ತುದಿಗೆ ಭಾರವಿತ್ತು, ನೀರಿನಿಂದ ಏನನ್ನೋ ಮೇಲೆತ್ತುವಾಗಿನ ಭಾರ. ಇಷ್ಟು ವರ್ಷಗಳಲ್ಲಿ ಅವಳು ಆ ಕೈಯನ್ನು ಅಷ್ಟು ಎತ್ತರಕ್ಕೆ ಎತ್ತಿದ್ದು ಅದೇ ಮೊದಲು.

ಒಬ್ಬರು, ಬರೆದುಕೋಮ್ಮ ಎಂದು ಡಾಕ್ಟರು ಕಾಗದಗಳನ್ನು ಜೋಡಿಸತೊಡಗಿದರು.

ಹುಡುಗಿ ಬರೆಯಲಿಲ್ಲ. ಅವಳ ನೋಟ ಪಿನ್ನು ಹಾಕಿದ ತೋಳಿನಿಂದ ಕೆಳಗಿಳಿದು, ಮೇಡಂ ಕುರ್ಚಿಯ ಪಕ್ಕದಲ್ಲಿ, ಮೇಜಿನ ಅಂಚಿಗಿಂತ ತುಸು ಮೇಲೆ ನಿಂತಿತು. ಅಲ್ಲಿಗೆ ಒಮ್ಮೆ ಮುಗುಳ್ನಕ್ಕು, ಅವಳು ಡಾಕ್ಟರ ಕಡೆ ತಿರುಗಿದಳು.

“ಸಾರ್, ಚಿಕ್ಕ ಮಕ್ಕಳ ಓಟು ಲೆಕ್ಕಕ್ಕೆ ಬರುತ್ತಾ?”