ನಾಲ್ಕನೆಯ ಸಲ ಇಲ್ಲ

ವರದಿಯ ಮೊದಲ ಪುಟದಿಂದ ಒಂದು ಹೆಸರನ್ನು ಹೊಡೆದುಹಾಕಿದ್ದರು. ಕೆಂಪು ಮಸಿ, ಸ್ಕೇಲು ಇಟ್ಟು ಎಳೆದ ನೇರ ಗೆರೆ. ಇದು ಮೂರನೆಯ ಕರಡು. ಮೊದಲ ಎರಡರಲ್ಲೂ ಹೀಗೇ ಆಗಿತ್ತು.

ಜಲಜಾ ಪುಟವನ್ನು ಮಡಿಸಿ ಚೀಲದೊಳಗೆ ತುರುಕಿದಳು. ಗಂಟೆ ಎರಡು. ನಾಲ್ಕಕ್ಕೆ ಶುದ್ಧಪ್ರತಿ ಟೈಪಾಗಿ ಬರುತ್ತದೆ. ಅವಳು ಸಹಿ ಹಾಕಬೇಕು, ಸಂಜೆಯ ಅಂಚೆಯಲ್ಲಿ ಅದು ದೆಹಲಿಯ ಸಮ್ಮೇಳನಕ್ಕೆ ಹೊರಡಬೇಕು. ಹಾಕದಿದ್ದರೆ? ಅವಳ ನೌಕರಿ ಕಾಯಂ ಮಾಡುವ ಕಾಗದ ನಿರ್ದೇಶಕ ಸೇತುರಾಮರ ಮೇಜಿನ ಮೇಲಿತ್ತು. ಅದಕ್ಕೂ ಒಂದು ಸಹಿ ಬೇಕಿತ್ತು. ಅವರದು.

ರಾಜಾಜಿನಗರದ ಆ ಗಣಕ ಕೇಂದ್ರಕ್ಕೆ ಯಂತ್ರ ಬಂದದ್ದು ಎರಡು ವರ್ಷದ ಹಿಂದೆ, ಎಪ್ಪತ್ತಾರರಲ್ಲಿ. ಯಂತ್ರ ಒಂದು. ತಮ್ಮ ತಮ್ಮ ಲೆಕ್ಕವನ್ನು ತೂತುಗಳಾಗಿ ಹೊಡೆದ ಕಾರ್ಡುಗಳ ಕಟ್ಟು ಹಿಡಿದು ಕಾಯುವವರು ನೂರು. ಯಾರ ಕಟ್ಟನ್ನು ಮೊದಲು ನುಂಗಬೇಕು, ಯಾರದನ್ನು ಆಮೇಲೆ ಎಂದು ಯಂತ್ರಕ್ಕೆ ಹೇಳುವ ಒಳಗಿನ ಮೇಸ್ತ್ರಿಗೆ ಆಪರೇಟಿಂಗ್ ಸಿಸ್ಟಮ್ ಎಂದು ಹೆಸರು. ಆ ಮೇಸ್ತ್ರಿಗೆ ಬುದ್ಧಿ ಕಲಿಸುವುದು ಹೇಗೆ ಎಂಬುದೇ ವರದಿಯ ವಿಷಯ.

ಹೊರದೇಶದ ಪತ್ರಿಕೆಗಳಲ್ಲಿ ಬಂದಿದ್ದ ಎರಡು ಉಪಾಯಗಳನ್ನು ಜಲಜಾ ಹೋಲಿಸಿದ್ದಳು. ಒಂದು, ಮೊದಲು ಬಂದವರಿಗೆ ಮೊದಲು. ಇದರಲ್ಲಿ ಯಾವನೋ ಮಹಾಶಯ ಸಾವಿರ ಕಾರ್ಡು ಹೊತ್ತು ತಂದರೆ ಹಿಂದಿನವರೆಲ್ಲ ಆಕಳಿಸುತ್ತ ಕೂರಬೇಕು. ಇನ್ನೊಂದು, ಸಣ್ಣ ಕೆಲಸ ಮೊದಲು. ಇದರಲ್ಲಿ ಸಣ್ಣವರು ಬರುತ್ತಲೇ ಇದ್ದರೆ ದೊಡ್ಡ ಕೆಲಸದವನು ಕಾದು ಕಾದು ಗಡ್ಡ ಬೆಳೆಸಬೇಕು. ವರದಿಯಲ್ಲಿ ಮೂರನೆಯದೊಂದಿತ್ತು: ಸಣ್ಣವರು ದಾಟಿ ಮುಂದೆ ಹೋಗಲಿ, ಆದರೆ ಯಾರನ್ನೇ ಆಗಲಿ ಮೂರು ಸಲ ದಾಟಿದ ಮೇಲೆ ನಾಲ್ಕನೆಯ ಸಲ ಇಲ್ಲ. ಮೂರು ಉಪಾಯಗಳಿಗೂ ಅವವೇ ಕಾರ್ಡುಗಳನ್ನು ಉಣಿಸಿ ನೋಡಿದಳು. ಮೂರನೆಯದು ಉಳಿದೆರಡಕ್ಕೂ ಮಣ್ಣು ಮುಕ್ಕಿಸಿತು.

"ಮೂರೇ ಯಾಕಮ್ಮ? ಎರಡು ಯಾಕಾಗಬಾರದು, ಐದು ಯಾಕಾಗಬಾರದು?" ಎಂದು ಅವತ್ತು ಸೇತುರಾಮ ಕೇಳಿದ್ದರು.

"ಎರಡೂ ನೋಡಿದೆ ಸಾರ್, ಐದೂ ನೋಡಿದೆ. ಮೂರೇ ಸರಿ. ಹತ್ತು ವರ್ಷ ಪರೀಕ್ಷೆ ಆಗಿರೋ ಲೆಕ್ಕ ಇದು."

ಯಂತ್ರಕ್ಕೇ ಎರಡು ವರ್ಷ. ಹುಡುಗಿ ತಮಾಷೆ ಮಾಡುತ್ತಿದ್ದಾಳೆಂದು ಅವರು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

"ಏನೇ, ಮತ್ತೆ ಕೆಂಪು ಗೆರೆಯಂತೆ?" ಕಿಟ್ಟಿ ಬಂದು ಮೇಜಿಗೆ ಒರಗಿದ. ಯಂತ್ರ ನಡೆಸುವವನು, ಕಾಲೇಜಿನಲ್ಲಿ ಅವಳ ಜೊತೆಗೇ ಓದಿದವನು. "ಈ ದೊಡ್ಡ ಮನುಷ್ಯರ ಹಣೇಬರಹವೇ ಇಷ್ಟು ಕಣೇ. ಹೆಂಗಸಿನ ಹೆಸರು ಕಂಡ್ರೆ ಸಾಕು, ಕೈ ತುರಿಸುತ್ತೆ."

"ಹೆಂಗಸು ಅನ್ನೋದೊಂದೇ ಆಗಿದ್ರೆ ಜಗಳ ಆಡಿ ಗೆದ್ದುಬಿಡ್ತಿದ್ದೆ ಕಣೋ."

"ಅಂದ್ರೆ?"

ಪ್ರಿಂಟರ್ ಕಿರುಚಿಕೊಂಡು ಉತ್ತರವನ್ನು ನುಂಗಿತು.

ಅಷ್ಟರಲ್ಲಿ ಮುನಿತಾಯಮ್ಮ ಬಂದಳು. ನೆಲ ಒರೆಸುವವಳು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಒದ್ದೆ ಬಟ್ಟೆ ಹಿಡಿದು ಒಳಗೆ ಕಾಲಿಡುವಷ್ಟರಲ್ಲಿ ಸೇತುರಾಮ ಎದುರಾದರು.

"ಇವತ್ತೂ ತಡ! ಧೂಳು ಕೂತ್ರೆ ಯಂತ್ರ ಕೆಡುತ್ತೆ ಅಂತ ಎಷ್ಟು ಸಲ ಬಡ್ಕೊಳ್ಳಲಿ?"

"ಮೂಡಲಪಾಳ್ಯದಾಗೆ ನಲ್ಲಿ ಬಿಟ್ಟವ್ರೆ ಸಾಮಿ. ನಾನ್ ಹೋಗಿ ನಿಂತ್ಕೊಳ್ಳಿಲ್ಲ ಅಂದ್ರೆ ಬಿಂದಿಗೆ ಬಿಂದಿಗೆ ತಗೊಂಡು ಹೊಡೆದಾಡ್ತಾರೆ."

"ನೀನೇನು ಅಲ್ಲಿ ಡೈರೆಕ್ಟರಾ?"

"ಊಂ ಸಾಮಿ. ಸಂಬಳ ಒಂದಿಲ್ಲ."

ಕಿಟ್ಟಿ ಕಿಸಕ್ಕೆಂದ. ಸೇತುರಾಮರು ಗಂಟಲು ಸರಿಮಾಡಿಕೊಂಡು ಕೋಣೆಗೆ ನಡೆದರು.

ಮುನಿತಾಯಮ್ಮ ಒರೆಸುತ್ತ ಒರೆಸುತ್ತ ಜಲಜಾಳ ಮೇಜಿನ ಹತ್ತಿರ ಬಂದಳು. ತಲೆ ಎತ್ತದೆ ಕೇಳಿದಳು: "ಏನಾಯ್ತವ್ವ ಆ ಹೆಸರಿಂದು?"

"ಇನ್ನೂ ಗೆರೆ ಹೊಡೀತಾನೇ ಇದಾರೆ."

"ಓಗ್ಲಿ ಬಿಡವ್ವ. ಹೆಸರು ಕಟ್ಕೊಂಡು ಏನಾಗ್ಬೇಕು? ನಿನ್ ಕೆಲ್ಸ ಕಾಯಂ ಆಗ್ಲಿ."

"ಸರದಿ ತಪ್ಪಿಸಿದ್ರೆ ನೀವು ಬಿಡ್ತೀರಾ?"

ಮುನಿತಾಯಮ್ಮ ಬಾಯಿಗೆ ಸೆರಗು ಒತ್ತಿ ನಕ್ಕಳು. ಬಟ್ಟೆ ಹಿಂಡಿಕೊಂಡು ಮುಂದೆ ಸರಿದಳು.

ನಾಲ್ಕು ಗಂಟೆಗೆ ಕರೆ ಬಂತು. ಸೇತುರಾಮರ ಮೇಜಿನ ಮೇಲೆ ಎರಡು ಕಾಗದಗಳು ಗಂಡ ಹೆಂಡತಿಯಂತೆ ಅಕ್ಕಪಕ್ಕ ಕೂತಿದ್ದವು: ಶುದ್ಧಪ್ರತಿ, ಕಾಯಂ ಆದೇಶ.

"ನೀನು ಇದಕ್ಕೆ ಹಾಕು, ನಾನು ಅದಕ್ಕೆ ಹಾಕ್ತೀನಿ. ಆಮೇಲೆ ಕಾಫಿ ತರಿಸೋಣ."

ಜಲಜಾ ಮೊದಲ ಪುಟ ನೋಡಿದಳು. ಇದರಲ್ಲಿ ಕೆಂಪು ಗೆರೆ ಇರಲಿಲ್ಲ. ಗೆರೆ ಹೊಡೆಯಲು ಆ ಹೆಸರೇ ಇರಲಿಲ್ಲ.

"ಸಾರ್, ಮತ್ತೆ ಬಿಟ್ಟಿದೀರಿ."

"ನೋಡಮ್ಮ, ದೆಹಲಿಯಲ್ಲಿ ಕೇಳ್ತಾರೆ, ಯಾರಿದು, ಏನು ಓದಿರೋದು ಅಂತ. ಏನು ಹೇಳ್ಲಿ?"

"ಮಾಡಿದ್ದನ್ನ ಹೇಳಿ."

"ನಕ್ಕುಬಿಡ್ತಾರೆ! ಕೊನೇ ಪುಟದಲ್ಲಿ 'ಕೇಂದ್ರದ ಸಮಸ್ತ ಸಿಬ್ಬಂದಿಗೆ ವಂದನೆಗಳು' ಅಂತ ಹಾಕಿಸಿದೀನಲ್ಲ, ಅದರಲ್ಲೇ ಬಂದುಹೋಯ್ತು." ಅವರು ಪೆನ್ನನ್ನು ಅವಳ ಕೈಗೇ ತುರುಕಿದರು. "ನಿನಗೇನಮ್ಮ ಕಷ್ಟ? ಮೊದಲನೇ ಕರಡಿನಿಂದಲೂ ನಿನ್ನ ಹೆಸರು ಅಲ್ಲೇ ಇದೆ, ನನ್ನ ಹೆಸರಿಗಿಂತ ಮೇಲೆ. ಅದನ್ನ ಯಾರಾದ್ರೂ ಮುಟ್ಟಿದಾರಾ? ಹಾಕು ಸಹಿ."

ಜಲಜಾ ಪೆನ್ನಿನ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟಳು: "ಈ ಮೂರನೇ ಉಪಾಯ ಮುನಿತಾಯಮ್ಮನವರು ಹತ್ತು ವರ್ಷದಿಂದ ತಮ್ಮ ನಲ್ಲಿ ಹತ್ರ ನಡೆಸ್ತಿರೋ ಸರದಿ ಸಾರ್, ಅವರನ್ನ ಮೂರು ಸಲ ದಾಟಿದ್ದಾಯ್ತು, ನಾಲ್ಕನೇ ಸಲಕ್ಕೆ ನಾನು ಸಹಿ ಹಾಕಲ್ಲ."