ಕೇಕಿನ ಅಂಚು

ಬೆಳಗಿನಿಂದ ಗೋವಾದ ಕೆಫೆಯಲ್ಲಿ ಕ್ಯಾರೆಟ್ ತುರಿದು ಬಂದ ವೈಜಯಂತಿ, ಗಡಿಯ ಈಚೆ ಮಾಜಾಳಿಯ ಮನೆಯಲ್ಲಿ ಚೀಲ ಇಳಿಸಿದವಳೇ ಮತ್ತೆ ತುರಿಮಣೆ ಹಿಡಿದು ಕೂತಳು. ಬರುವಾಗ ಬಸ್ಸಿನಲ್ಲಿ ಸೀಟು ಸಿಕ್ಕಿರಲಿಲ್ಲ. ಮೊಣಕಾಲು ತನ್ನದೇ ಅಲ್ಲವೇನೋ ಅನ್ನಿಸುತ್ತಿತ್ತು. ಆದರೆ ಇವತ್ತು ಮಗಳು ಪ್ರಗತಿಯ ಹುಟ್ಟಿದ ದಿನ, ಕೇಕು ಮಾಡಿಕೊಡುತ್ತೇನೆಂದು ಮಾತು ಕೊಟ್ಟಾಗಿತ್ತು.

"ಇಷ್ಟು ದಣಿದು ಬಂದು ಮತ್ತೆ ಅದೇ ಕೆಲ್ಸ ಎಂತಕ್ಕೆ ಗೋ?" ಎಂದಳು ಅತ್ತೆ ದುರ್ಗಿ. ಅವಳೂ ಮೀನು ಮಾರಿ ಬಂದು ಗೋಡೆಗೊರಗಿ ಕಾಲು ಚಾಚಿದ್ದಳು. "ಬೇಕರಿದು ಒಂದು ತಂದ್ರೆ ಆಗ್ತಿರ್ಲಿಲ್ವಾ?"

"ಬೇಕರಿದು ಬಾಯಲ್ಲಿ ಹುಡಿ ಹುಡಿ ಆಗ್ತದೆ ಅತ್ತೆ. ನನ್ನ ಕೈದು ಹಾಗಲ್ಲ."

ವೈಜಯಂತಿಗೆ ಜಂಬ ಅಂತ ಇದ್ದರೆ ಅದೊಂದೇ. ಅವಳು ಮಾಡಿದ ಕ್ಯಾರೆಟ್ ಕೇಕು ಮರುದಿನಕ್ಕೂ ಒಣಗುತ್ತಿರಲಿಲ್ಲ. ಕಡಲು ನೋಡುತ್ತ ಕೂತ ಗಿರಾಕಿಗಳು ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚುವುದನ್ನು ಅವಳು ಅಡುಗೆಮನೆಯ ಕಿಂಡಿಯಿಂದ ಎಷ್ಟೋ ಸಲ ನೋಡಿದ್ದಳು. ದೊಡ್ಡ ಟ್ರೇಯಲ್ಲಿ ಬೆಂದ ಕೇಕಿನ ನಾಲ್ಕೂ ಬದಿಯ ಅಂಚು ಕತ್ತರಿಸಿ ತೆಗೆದರೆ, ನಡುವಿನದು ಚಂದದ ಚೌಕಗಳಾಗಿ ಅವರ ತಟ್ಟೆಗೆ ಹೋಗುತ್ತಿತ್ತು. ಕಂದು ಬಣ್ಣದ ಗಟ್ಟಿ ಅಂಚು ಕೆಲಸದವರಿಗೆ. ಅದನ್ನೇ ಅವಳು ಕಾಗದದಲ್ಲಿ ಸುತ್ತಿ ಮನೆಗೆ ತರುತ್ತಿದ್ದಳು. ಬಸ್ಸಿನ ಸೆಕೆಗೆ ಅದು ಇನ್ನಷ್ಟು ಒಣಗಿರುತ್ತಿತ್ತು. ಬಾಲವಾಡಿಗೆ ಹೋಗುವ ಕಾಲದಿಂದಲೂ ಪ್ರಗತಿ ಕುಟುಂ ಕುಟುಂ ಎಂದು ಕಡಿದು ತಿಂದದ್ದು ಅದನ್ನೇ. ಯಾವ್ಯಾವುದೋ ದೇಶದವರು ತನ್ನ ಕೈಯ ಕೇಕಿನ ಮೆತ್ತನೆಯ ನಡುವನ್ನು ತಿಂದರು, ಹೆತ್ತ ಮಗಳೊಬ್ಬಳು ತಿನ್ನಲಿಲ್ಲ ಎಂಬ ಸಂಕಟ ವೈಜಯಂತಿಗೆ ಇದ್ದೇ ಇತ್ತು. ಹೋದ ವಾರ ಮಗಳೇ ಬಾಯಿಬಿಟ್ಟು ಕೇಳಿದ್ದಳು: "ಈ ಸಲ ನಂಗೆ ತುಂಡು ಬೇಡ ಆಯಿ. ಇಡೀ ಕೇಕ್ ಬೇಕು, ಗುಂಡಗಿಂದು."

ದೊಡ್ಡ ಪಾತ್ರೆಯ ತಳಕ್ಕೆ ತೊಳೆದು ಒಣಗಿಸಿದ ಕಡಲ ಮರಳು ಹಾಸಿ, ಅದು ಕಾದ ಮೇಲೆ ಕೇಕಿನ ಹಿಟ್ಟು ಹೊಯ್ದ ಡಬ್ಬಿ ಇಟ್ಟು ಮುಚ್ಚಿದಳು. ತುರಿದ ಕ್ಯಾರೆಟ್ಟನ್ನು ಹಿಂಡದೆ ಹಾಗೇ ಹಾಕಿದ್ದಳು. ಕೇಕು ಮೆತ್ತಗಾಗುವುದು ಆ ನೀರಿನಿಂದಲೇ. ಒಲೆಯ ಮುಂದೆ ಕೂತಲ್ಲೇ ತೂಕಡಿಕೆ ಬಂತು. ತಲೆ ಜೋಲಿ ಎಚ್ಚರವಾದಾಗಲೆಲ್ಲ ಹೊತ್ತಿಹೋಯಿತೋ ಎಂದು ಗಾಬರಿಯಾಗಿ ಮೂಸಿ ನೋಡಿದಳು. ಕಡೆಗೆ ಕಡ್ಡಿ ಚುಚ್ಚಿ ತೆಗೆದರೆ ಹಿಟ್ಟಿನ ಒಂದು ಕಣವೂ ಅಂಟಿರಲಿಲ್ಲ. ಕೆಫೆಯ ಒಲೆಯಲ್ಲೂ ಇಷ್ಟು ಹದವಾಗಿ ಬಂದದ್ದಿಲ್ಲ ಎಂದುಕೊಂಡಳು. ಆ ದಣಿವಿನಲ್ಲೂ ಅವಳಿಗೆ ನಗು ಬಂತು.

ಕೇಕು ಆರುವಷ್ಟರಲ್ಲಿ ಅಕ್ಕಪಕ್ಕದ ಮಕ್ಕಳು ಬಂದು ಸುತ್ತ ಕೂತರು. ಹೊಸ ಫ್ರಾಕಿನ ಪ್ರಗತಿ ಚಾಕು ಹಿಡಿದು ಗತ್ತಿನಿಂದ ಕತ್ತರಿಸಿದಳು. ವೈಜಯಂತಿ ನಟ್ಟನಡುವಿನ ತುಂಡೊಂದನ್ನು, ಅಂಚು ಒಂಚೂರೂ ಬರದ ಹಾಗೆ ನೋಡಿ ತೆಗೆದು, ಮಗಳ ಬಾಯಿಗಿಟ್ಟಳು. ಈಗ ಕಣ್ಣು ಮುಚ್ಚುತ್ತಾಳೆ, ಈಗ ಮುಚ್ಚುತ್ತಾಳೆ ಎಂದು ಕಾದಳು.

ಪ್ರಗತಿ ಕಣ್ಣು ಮುಚ್ಚಲಿಲ್ಲ. ಜಗಿಯುವುದನ್ನು ನಿಲ್ಲಿಸಿ ಮುಖ ಸಿಂಡರಿಸಿದಳು. ತಟ್ಟೆಯಲ್ಲಿದ್ದ ಕೇಕಿನ ನಡುವನ್ನು ಬೆರಳಿನಿಂದ ಒತ್ತಿ ನೋಡಿದಳು.

"ಆಯಿ, ಇದು ಬೇಯಲೇ ಇಲ್ಲ. ಒಳಗೆಲ್ಲ ಹಸಿ."

"ಬೆಂದಿದೆ ಮಗಾ. ಅದು ಇರೂದೇ ಹಾಗೆ. ಸಮಾ ತಿಂದು ನೋಡು."

"ಇಲ್ಲ. ನೀ ದಿನಾ ತರೂದು ಹೀಗಿರೂದಿಲ್ಲ." ಆಮೇಲೆ ತಾಯಿಯ ಮುಖ ನೋಡಿ ಪಾಪ ಅನ್ನಿಸಿತೋ ಏನೋ, ಗೆಳತಿಯರಿಗೆ ಕೇಳಿಸದ ಹಾಗೆ ದನಿ ತಗ್ಗಿಸಿದಳು. "ಇರ್ಲಿ ಆಯಿ, ಬೇಜಾರು ಮಾಡ್ಕಬೇಡ. ಬದಿಯದೆಲ್ಲ ಬೆಂದಿದೆ."

ಹಾಗೆಂದವಳು ಕೇಕನ್ನು ಸುತ್ತ ತಿರುಗಿಸುತ್ತ ಅಂಚನ್ನಷ್ಟೇ ಕತ್ತರಿಸಿ ತೆಗೆದು ಎಲ್ಲರಿಗೂ ಹಂಚಿದಳು. "ಇದು ತಿನ್ನಿ, ಇದು ಒಳ್ಳೇದು. ನಾಳೆ ನಮ್ಮ ಆಯಿ ಹೋಟೆಲಿಂದು ತರ್ತಾಳೆ, ಅದು ಇನ್ನೂ ಒಳ್ಳೇದು."

ವೈಜಯಂತಿಗೆ ವಾದ ಮಾಡುವ ತ್ರಾಣ ಇರಲಿಲ್ಲ. ಮಕ್ಕಳಿಗೆ ನೀರು ಕೊಟ್ಟಳು, ಚೆಲ್ಲಿದ ಚೂರು ಗುಡಿಸಿದಳು, ಸುತ್ತಲೂ ಅಂಚು ಕಳಚಿಕೊಂಡ ಕೇಕಿನ ತಟ್ಟೆ ಎತ್ತಿಕೊಂಡು ಹೋಗಿ ಹಿಂಬಾಗಿಲ ಮೆಟ್ಟಿಲಲ್ಲಿ ಕೂತಳು. ಅಲ್ಲಿಗೆ ಕಡಲಿನ ಸದ್ದು ಮಾತ್ರ ಬರುತ್ತಿತ್ತು. ಕಾಲು ಚಾಚಿದಾಗ ಆಹಾ ಎನಿಸಿತು. ಆಗಲೇ ಅವಳಿಗೆ ಹೊಳೆದದ್ದು, ಈ ನಡುವಿನದನ್ನು ತಾನೂ ಒಂದು ದಿನವೂ ತಿಂದು ನೋಡಿದ್ದಿಲ್ಲ. ಕೆಫೆಯಲ್ಲಿ ಕಡ್ಡಿ ಚುಚ್ಚಿ ನೋಡುವುದಷ್ಟೇ ಅವಳ ಪಾಲಿಗಿದ್ದದ್ದು.

ಒಂದು ತುಂಡು ಮುರಿದು ಬಾಯಿಗಿಟ್ಟಳು. ಮೆತ್ತಗಿತ್ತು, ಜಗಿಯುವುದಕ್ಕೆ ಮೊದಲೇ ಕರಗಿತು. ಅವಳ ಕಣ್ಣು ತಾನಾಗಿ ಮುಚ್ಚಿತು.

ಇನ್ನೊಂದು ತುತ್ತಿಗೆ ಕೈ ಎತ್ತುವಷ್ಟರಲ್ಲಿ ಒಳಗಿಂದ ಪ್ರಗತಿ ಓಡಿ ಬಂದು ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ತಿನ್ನಬೇಡ ಆಯಿ, ಹಸೀದು. ಹೊಟ್ಟೆ ನೋಯ್ತದೆ."